ತಲಿ ಇಲ್ಲ ಅಂತ ಯಾರು ಹೇಳಿದ್ರು?

ರಿಸಲ್ಟ್ ಬಂದ ಸಂಜೆ ಹಾಸ್ಟೆಲಿನ ಕಾರಿಡಾರಿನಲ್ಲಿ ಒಂದು ಸುತ್ತು ಹಾಕಿ ನೋಡಿ. ನಾಲ್ಕು ರೂಮಿನಿಂದ ಒಂದೇ ಮಾತು ಕೇಳಿಸುತ್ತದೆ. ಬೆಂಗಳೂರಿನ ಹುಡುಗ "ಅವನಿಗೆ ತಲೆ ಇದೆ ಗುರು, ನಂಗಿಲ್ಲ" ಅಂತಾನೆ. ನಮ್ಮ ಕಡೆಯವ "ನಮಗ ತಲಿನ ಇಲ್ಲ ಬಿಡಪಾ" ಅಂತಾನೆ. ಹೇಳಿ, ಚಹಾ ಕುಡಿದು, ಮಲಗಿ, ಮರುದಿನ ಮರೆಯುತ್ತೇವೆ. ಆದರೆ ನಮ್ಮ ಜೊತೆಗಿದ್ದ ಒಬ್ಬ ಆ ಮಾತನ್ನು ಮರೆಯಲಿಲ್ಲ. ನಿಜವೆಂದೇ ನಂಬಿದ. ಮೊದಲ ವರ್ಷ ಮುಗಿದ ಮೇಲೆ ಟ್ರಂಕು ಕಟ್ಟಿಕೊಂಡು ಊರಿಗೆ ಹೋದ. ಈ ಲೇಖನ ಬರೆಯುತ್ತಿರುವುದು ಅವನಿಂದಾಗಿ. ಹೆಸರು ಹಾಕಬ್ಯಾಡ್ರಿ ಅಂದಿದ್ದಾನೆ, ಹಾಕುವುದಿಲ್ಲ.

ನಾವು ನಾಲ್ವರು. ಇಬ್ಬರು ಭೋಜದವರು, ಒಬ್ಬಳು ಕುನ್ನೂರಿನವಳು, ಇನ್ನೊಬ್ಬ ಅಥಣಿ ಕಡೆಯವ. ಭೋಜ ಎಲ್ಲಿದೆ ಅಂತ ಕೇಳುವವರಿಗೆ: ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲೂಕು, ದೂಧಗಂಗಾ ಮತ್ತು ವೇದಗಂಗಾ ಕೂಡುವ ಜಾಗ. ಮಳೆಗಾಲದಲ್ಲಿ ಸುದ್ದಿವಾಹಿನಿಯಲ್ಲಿ ಕಾರದಗಾ–ಭೋಜ ಸೇತುವೆ ಮುಳುಗಿತು, ಭೋಜವಾಡಿ–ಕುನ್ನೂರ ಸೇತುವೆ ಮುಳುಗಿತು ಅಂತ ಬರುತ್ತದಲ್ಲ, ಅದೇ ನಮ್ಮೂರು. ಬಹಳ ಮನೆಗಳಲ್ಲಿ ಮಾತು ಮರಾಠಿ, ಓಣಿಯಲ್ಲಿ ಎರಡೂ, ನಮ್ಮ ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅನ್ನೋದು ದಿನಕ್ಕೊಂದು ಪೀರಿಯಡ್ಡು.

ನಮ್ಮ ಆ ಗೆಳೆಯ ಹೈಸ್ಕೂಲಿನಲ್ಲಿ ಗಣಿತಕ್ಕೆ ಮುಂದು. ನಾವು ಉಳಿದವರು ಅವನ ನೋಟುಬುಕ್ಕು ನೋಡಿ ಬರೆದುಕೊಂಡವರು. ವೃತ್ತದ ಪ್ರಮೇಯ ಬೋರ್ಡಿನ ಮೇಲೆ ಬಿಡಿಸು ಅಂದರೆ ದಾರ, ಸೀಮೆಸುಣ್ಣ ಹಿಡಿದು ಎದ್ದು ಹೋಗುತ್ತಿದ್ದ. ಪಿಯುಸಿಯಲ್ಲಿ ಸ್ವಲ್ಪ ಸಪ್ಪಗಾದ, ಆದರೂ ಸಿಇಟಿ ಬರೆದು ಸೀಟು ಪಡೆದ. ಇಲ್ಲಿ ಎಂ1ರಲ್ಲಿ ಬಿದ್ದ. ಇನ್ನೊಮ್ಮೆ ಬರೆದ, ಮತ್ತೆ ಬಿದ್ದ. ಅಷ್ಟರಲ್ಲಿ ಇನ್ನೂ ಎರಡು ವಿಷಯ ಸೇರಿಕೊಂಡವು. "ಅಪ್ಪಾಗ ಅಲ್ಲಿ ಆಳ ಸಿಗವಲ್ದು, ನಾ ಇಲ್ಲಿ ಕುಂತು ರೊಕ್ಕ ಯಾಕ ಹಾಳ ಮಾಡ್ಲಿ? ನನಗ ತಲಿ ಇಲ್ಲಲೇ" ಅಂದ. ನಾವು ತಡೆಯಲಿಲ್ಲ. ಒಂದು ಕಾರಣ, ನಮಗೂ ಪರೀಕ್ಷೆ ಇತ್ತು. ಇನ್ನೊಂದು ಕಾರಣ ಬರೆಯಲು ನಾಚಿಕೆಯಾಗುತ್ತದೆ: ಹೌದೇನೋ, ಇವನಿಗೆ ತಲೆ ಇಲ್ಲವೇನೋ ಅಂತ ನಮಗೂ ಅನ್ನಿಸಿತ್ತು.

ಈ ಸಲ ಸಂಕ್ರಾಂತಿಗೆ ಊರಿಗೆ ಹೋದಾಗ ಅವನನ್ನು ನೋಡಲು ಅವರ ಬೆಲ್ಲದ ಗಾಣಕ್ಕೆ ಹೋದೆವು. ಕೊಪ್ಪರಿಗೆ ಕುದಿಯುತ್ತಿತ್ತು. ಅವನು ಸೌಟು ಹಿಡಿದು ನಿಂತಿದ್ದ. ಎಂ1 ಮಾತು ಬಂತು. ಮೊದಲ ಮಾಡ್ಯೂಲೇ ನನಗ ಆಗಲಿಲ್ಲ ಅಂದ. ಗೊತ್ತಲ್ಲ, ಪೋಲಾರ್ ಕರ್ವುಗಳು, ರೇಡಿಯಸ್ ವೆಕ್ಟರಿಗೂ ಟ್ಯಾಂಜೆಂಟಿಗೂ ನಡುವಿನ ಕೋನ, ಟ್ಯಾನ್ ಫೈ ಸೂತ್ರ. ಸೂತ್ರ ಅವನಿಗೆ ಇವತ್ತಿಗೂ ಬಾಯಿಪಾಠ. ಏನು ಹೇಳುತ್ತದೆ ಅಂತ ಗೊತ್ತಿಲ್ಲ. "ಟ್ಯಾಂಜೆಂಟ್ ಅಂದ್ರ ಆಪೊಸಿಟ್ ಬೈ ಅಡ್ಜೆಸೆಂಟ್ ಅಲ್ಲೇನು? ಅದೊಂದು ನಂಬರು. ನಂಬರಿಗೂ ಗೆರಿಗೂ ನಡುವ ಕೋನ ಹ್ಯಾಂಗ ಇರ್ತೈತಿ?" ಅಂತ ಕೇಳಿದ.

ನಾವು ಒಂದು ಗಳಿಗೆ ಸುಮ್ಮನಾದೆವು. ಕುನ್ನೂರಿನ ಗೆಳತಿ ಅಲ್ಲೇ ಬಿದ್ದಿದ್ದ ಒಂದು ಕಬ್ಬು ಎತ್ತಿಕೊಂಡು, ಪಕ್ಕದಲ್ಲಿ ಬೋರಲು ಹಾಕಿದ್ದ ಖಾಲಿ ಕೊಪ್ಪರಿಗೆಯ ಅಂಚಿಗೆ ಒಂದೇ ಕಡೆ ತಾಗುವಂತೆ ಹಿಡಿದಳು. "ಇದು ಟ್ಯಾಂಜೆಂಟ್" ಅಂದಳು.

ಅವನು ನೋಡಿದ. "ಅದು ಸ್ಪರ್ಶಕ ಅಲ್ಲೇನs?"

"ಹೂಂ. ಸ್ಪರ್ಶಕನ ಟ್ಯಾಂಜೆಂಟ್."

ಸೌಟು ಕೈಯಲ್ಲೇ ಇತ್ತು. "ನನಗ ಯಾರೂ ಹೇಳ್ಲಿಲ್ಲಲ್ಲೋ" ಅಂದ. ಆಮೇಲೆ ಕೊಪ್ಪರಿಗೆ ಕಡೆ ತಿರುಗಿ ಬಹಳ ಹೊತ್ತು ಮಾತಾಡಲಿಲ್ಲ.

ಸ್ಪರ್ಶಕ ಹತ್ತನೇ ಕ್ಲಾಸಿನಲ್ಲಿ ಅವನಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು. ತ್ರಿಜ್ಯಕ್ಕೆ ಲಂಬ, ಹೊರಗಿನ ಬಿಂದುವಿನಿಂದ ಎಳೆದ ಎರಡೂ ಸಮ, ಎಲ್ಲವೂ. ಆದರೆ ಇಂಗ್ಲಿಷಿನಲ್ಲಿ ತ್ರಿಕೋನಮಿತಿಯ ಟ್ಯಾನ್‌ಗೂ ಮುಟ್ಟಿ ಹೋಗುವ ಗೆರೆಗೂ ಒಂದೇ ಹೆಸರು. ಪಿಯುಸಿಯಲ್ಲಿ ಟ್ಯಾಂಜೆಂಟಿನ ಸ್ಲೋಪ್ ಅಂದರೆ ಡಿವೈ ಬೈ ಡಿಎಕ್ಸ್, ಸ್ಲೋಪ್ ಅಂದರೆ ಟ್ಯಾನ್ ಥೀಟಾ ಅಂತ ಒಂದೇ ಉಸಿರಿನಲ್ಲಿ ಹೇಳಿದಾಗ ಗೊಂದಲ ಇನ್ನೂ ಗಟ್ಟಿಯಾಯಿತು. ಲೆಕ್ಕದ ಉತ್ತರ ಮಾತ್ರ ಸರಿ ಬರುತ್ತಿತ್ತು, ಹಾಗಾಗಿ ಅವನಿಗೂ ಅನುಮಾನ ಬರಲಿಲ್ಲ, ನೋಟುಬುಕ್ಕು ತಿದ್ದುವವರಿಗೂ ಬರಲಿಲ್ಲ. ಗೊತ್ತಿದ್ದದ್ದು ಒಂದು ಭಾಷೆಯಲ್ಲಿ ಉಳಿಯಿತು, ಗೊತ್ತಿಲ್ಲದ್ದು ಇನ್ನೊಂದರಲ್ಲಿ ಬೆಳೆಯಿತು. ಎರಡರ ನಡುವೆ ಸೇತುವೆ ಮುಳುಗಿತ್ತು, ಅಷ್ಟೇ.

ಊರಿನಿಂದ ಬಂದ ಮೇಲೆ ನಾವು ಸಿಲಬಸ್ಸಿನಲ್ಲಿಲ್ಲದ ಒಂದಿಷ್ಟು ಓದಿದೆವು. ಕಲಿಕೆಯ ಮನಶ್ಶಾಸ್ತ್ರ ಅಂತ ಒಂದು ಶಾಸ್ತ್ರವೇ ಇದೆ. ಬಿ.ಎಡ್. ಮಾಡುವವರಿಗೆ ಅದು ಪಠ್ಯ. ಹದಿನಾರು ವರ್ಷ ಕಲಿಯುವ ಕೆಲಸವನ್ನೇ ಮಾಡುವ ನಮಗೆ ಒಂದು ಪುಟವೂ ಇಲ್ಲ. ಕಲಿಸುವವರಿಗೆ ಕಲಿಕೆ ಹೇಗೆ ಆಗುತ್ತದೆಂದು ಗೊತ್ತಿರಬೇಕು, ಕಲಿಯುವವರಿಗೆ ಬೇಡ ಅಂತ ಯಾರು ನಿರ್ಧರಿಸಿದರೋ.

ಆ ಶಾಸ್ತ್ರದಲ್ಲಿ ಡೇವಿಡ್ ಆಸುಬೆಲ್ ಅನ್ನುವವರು 1968ರಲ್ಲಿ ಹೇಳಿದ್ದು ಸರಳ: ಹೊಸದನ್ನು ಕಲಿಯುವಾಗ ಎಲ್ಲಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಆಗಲೇ ತಲೆಯಲ್ಲಿ ಏನಿದೆ ಅನ್ನೋದು. ಅದನ್ನು ಹುಡುಕಿ, ಅದಕ್ಕೆ ಹೊಸದನ್ನು ಕಟ್ಟಿ. ನಮ್ಮ ಗೆಳೆಯನ ತಲೆಯಲ್ಲಿ ಸ್ಪರ್ಶಕ ಇತ್ತು. ಯಾರೂ ಹುಡುಕಲಿಲ್ಲ. ಕೆನಡಾದ ಜಿಮ್ ಕಮಿನ್ಸ್ ಎರಡನೇ ಭಾಷೆಯಲ್ಲಿ ಓದುವ ಮಕ್ಕಳನ್ನು ಗಮನಿಸಿ ಇನ್ನೊಂದು ವಿಷಯ ತೋರಿಸಿದರು. ಆಡುಮಾತಿನ ಇಂಗ್ಲಿಷ್ ಎರಡು ವರ್ಷದಲ್ಲಿ ಬರಬಹುದು. ಪಾಠದ ಇಂಗ್ಲಿಷ್, ಅಂದರೆ ತರ್ಕ ಮಾಡುವ, ವ್ಯಾಖ್ಯೆ ಕೊಡುವ ಇಂಗ್ಲಿಷ್, ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಹಿಡಿಯುತ್ತದೆ. ಲೆಕ್ಕ ಹಾಕಿ. ಹತ್ತನೇವರೆಗೆ ಕನ್ನಡದಲ್ಲಿ ಓದಿದವನಿಗೆ ಪಾಠದ ಇಂಗ್ಲಿಷ್ ಪೂರ್ತಿ ಕೈಗೆ ಬರುವಷ್ಟರಲ್ಲಿ ಡಿಗ್ರಿ ಮುಗಿದಿರುತ್ತದೆ.

ಇದಕ್ಕೆ ಸೇರಿಸಿ ನೋಡಬೇಕಾದ್ದು ತಲೆಯೊಳಗಿನ ಜಾಗ. ನಮ್ಮ ಸಿಎಸ್ ಗೆಳೆಯರಿಗೆ ಹೇಳುವುದಾದರೆ, ಹಾರ್ಡ್ ಡಿಸ್ಕು ಎಷ್ಟೇ ದೊಡ್ಡದಿರಲಿ, ಆ ಕ್ಷಣ ಕೆಲಸ ಮಾಡುವ ಜಾಗ ಬಹಳ ಸಣ್ಣದು. ಜಾರ್ಜ್ ಮಿಲ್ಲರ್ 1956ರಲ್ಲಿ ಏಳು, ಎರಡು ಆಚೀಚೆ ಅಂದರು. ಇತ್ತೀಚಿನವರು ನಾಲ್ಕು ಅಂತಾರೆ. ಜಾನ್ ಸ್ವೆಲ್ಲರ್ 1988ರಲ್ಲಿ ಇದರ ಮೇಲೆಯೇ ಒಂದು ಸಿದ್ಧಾಂತ ಕಟ್ಟಿದರು. ಆ ಸಣ್ಣ ಜಾಗದಲ್ಲಿ ಪಾಠಕ್ಕೆ ಸಂಬಂಧವಿಲ್ಲದ ಹೊರೆ ತುಂಬಿದರೆ ಪಾಠಕ್ಕೆ ಜಾಗ ಉಳಿಯುವುದಿಲ್ಲ. ಇಂಗ್ಲಿಷ್ ವಾಕ್ಯವನ್ನು ಬಿಡಿಸಿಕೊಳ್ಳುವುದು, ಬೋರ್ಡು ನೋಡಿ ಬರೆದುಕೊಳ್ಳುವುದು, ಮೇಷ್ಟ್ರು ಮುಂದೆ ಹೋದರು ಅನ್ನುವ ಗಾಬರಿ, ಇವಿಷ್ಟಕ್ಕೇ ನಾಲ್ಕು ಜಾಗ ಮುಗಿಯಿತು. ಪಕ್ಕದ ಬೆಂಚಿನ ಇಂಗ್ಲಿಷ್ ಮೀಡಿಯಂ ಹುಡುಗನಿಗೆ ನಾಲ್ಕರಲ್ಲಿ ಮೂರು ಖಾಲಿ. ನೋಡುವವರಿಗೆ ಕಾಣೋದು ಒಂದೇ, ಇವನು ಚುರುಕು, ಅವನು ಮಂದ.

ಈಗ ಒಂದು ಹಳೆಯ ನೆನಪು. ಸರಕಾರಿ ಕನ್ನಡ ಶಾಲೆಯಿಂದ ಬಂದವರಿಗೆ ಗೊತ್ತಿರುತ್ತದೆ, ಉಳಿದವರು ಕೇಳಿಸಿಕೊಳ್ಳಿ. ನಾವು ಒಂದನೇ ಕ್ಲಾಸಿಗೆ ಹೋದಾಗ ಬೆಂಚೇ ಇರಲಿಲ್ಲ. ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದೆವು. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿ ಚಿತ್ರ ತೂಗು ಹಾಕಿದ ಚಪ್ಪರ, ನಮ್ಮ ಕೈಗೆಟುಕುವ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪುಹಲಗೆ. ಏಣಿಯಲ್ಲಿ ನಾವು ಯಾವ ಮೆಟ್ಟಿಲಿನಲ್ಲಿದ್ದೇವೆಂದು ನೋಡಿ, ಆ ಚಿತ್ರದ ಕಾರ್ಡು ನಾವೇ ತೆಗೆದುಕೊಂಡು ಬಂದು ಕೂರುವುದು. ಅದೇ ನಲಿ ಕಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ್ದು, 2009–10ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಂದರೆ ಈಗ ಈ ಕ್ಯಾಂಪಸ್ಸಿನಲ್ಲಿರುವ ಸರಕಾರಿ ಶಾಲೆಯ ಮಕ್ಕಳು ಬಹುತೇಕ ಅದರಲ್ಲೇ ಅಕ್ಷರ ಕಲಿತವರು.

ಅದರಲ್ಲಿ ಐದು ತಟ್ಟೆಗಳಿದ್ದವು. ತಟ್ಟೆ ಅಂದರೆ ಊಟದ್ದಲ್ಲ, ಗುಂಪು. ಮೊದಲನೆಯದರಲ್ಲಿ ಟೀಚರ್ ಪೂರ್ತಿ ಸಹಾಯ ಮಾಡುತ್ತಿದ್ದರು. ಎರಡನೆಯದರಲ್ಲಿ ಸ್ವಲ್ಪ. ಮೂರು ಮತ್ತು ನಾಲ್ಕರಲ್ಲಿ ಜೊತೆಯ ಮಕ್ಕಳ ಸಹಾಯ, ಮೊದಲು ಹೆಚ್ಚು, ಆಮೇಲೆ ಕಡಿಮೆ. ಐದನೆಯದು ಸ್ವಕಲಿಕೆ, ನೀನೇ ಮಾಡು. ಯಾರಿಗೂ ಇದು ಮಾನಸಿಕ ಸಿದ್ಧಾಂತ ಅಂತ ಗೊತ್ತಿರಲಿಲ್ಲ, ಆಟ ಅನ್ನಿಸುತ್ತಿತ್ತು. ರಷ್ಯಾದ ವೈಗೋಟ್ಸ್ಕಿ, 1934ರಲ್ಲಿ ಮೂವತ್ತೇಳೇ ವರ್ಷಕ್ಕೆ ತೀರಿಕೊಂಡವರು, ಹೇಳಿದ್ದು ಇದನ್ನೇ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ಜೊತೆ ಮಾಡಬಲ್ಲದ್ದಕ್ಕೂ ನಡುವೆ ಒಂದು ಜಾಗ ಇದೆ, ಕಲಿಕೆ ನಡೆಯುವುದು ಅಲ್ಲಿ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಆ ಜಾಗದಲ್ಲಿ ಕೊಡುವ ಸಹಾಯಕ್ಕೆ ಕಟ್ಟಡ ಕೆಲಸದ ಮಾತನ್ನೇ ಹೆಸರಿಟ್ಟರು. ನಮ್ಮ ಗೌಂಡಿಗಳ ಮಾತಿನಲ್ಲಿ ಹೇಳುವುದಾದರೆ ಸೆಂಟ್ರಿಂಗ್ ಅನ್ನಿ.

ಸಿವಿಲ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ. ಸ್ಲ್ಯಾಬು ಹಾಕಿದ ಮೇಲೆ ಕೆಳಗಿನ ಕಂಬ ಯಾವಾಗ ತೆಗೀಬೇಕು ಅಂತ ಐಎಸ್ 456ರಲ್ಲಿ ಬರೆದಿದೆ. ನಾಲ್ಕೂವರೆ ಮೀಟರಿನವರೆಗಿನ ಸ್ಪ್ಯಾನಿಗೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. ಕಾಂಕ್ರೀಟಿಗೆ ತಲೆ ಇಲ್ಲ ಅಂತ ಯಾರೂ ಬೈಯುವುದಿಲ್ಲ. ಗಟ್ಟಿಯಾಗಲು ಸಮಯ ಕೊಡುತ್ತಾರೆ. ಮನುಷ್ಯರಿಗೆ ಮಾತ್ರ, ಹತ್ತನೇ ಪಾಸಾದ ಜೂನ್ ತಿಂಗಳಲ್ಲಿ ಭಾಷೆ, ಗೆಳೆಯರ ಗುಂಪು, ಹತ್ತಿರ ಬಂದು ನೋಡುವ ಮೇಷ್ಟ್ರು ಎಲ್ಲವನ್ನೂ ಒಂದೇ ದಿನ ಕಿತ್ತು, ಬಾಗಿದರೆ ನಿನ್ನದೇ ತಪ್ಪು ಅಂತಾರೆ. ಆರು ವರ್ಷದ ಮಗುವಿಗೆ ಗೊತ್ತಿದ್ದ ಮರ್ಯಾದೆ ಹದಿನೆಂಟು ವರ್ಷದವರಿಗೆ ಸಿಗುವುದಿಲ್ಲ.

ಬೇರೆಯವರನ್ನು ಬೈದು ಮುಗಿಸಿದರೆ ನ್ಯಾಯ ಆಗುವುದಿಲ್ಲ. ನಾವು ಓದುವ ರೀತಿ ನೋಡಿ. ಪರೀಕ್ಷೆಗೆ ಎರಡು ದಿನ ಇರುವಾಗ ಸೀನಿಯರ್ ಕಳಿಸಿದ 'ಇಂಪಾರ್ಟೆಂಟ್ ಕ್ವಶ್ಚನ್ಸ್' ಪಿಡಿಎಫ್ ಬರುತ್ತದೆ. ಹಳದಿ ಬಣ್ಣದ ಪೆನ್ನಿನಿಂದ ಪುಟದ ಮುಕ್ಕಾಲು ಭಾಗ ಬಳಿಯುತ್ತೇವೆ. ಯೂಟ್ಯೂಬು 2ಎಕ್ಸ್ ಸ್ಪೀಡಿನಲ್ಲಿ ಓಡುತ್ತದೆ. ಮೂರು ಸಲ ಓದುತ್ತೇವೆ, ಮೂರನೇ ಸಲ ಎಲ್ಲ ಪರಿಚಿತ ಅನ್ನಿಸುತ್ತದೆ, 'ಆಯ್ತು' ಅಂತ ಮುಚ್ಚುತ್ತೇವೆ. ಆ 'ಪರಿಚಿತ'ವೇ ನಮ್ಮನ್ನು ಮುಳುಗಿಸೋದು. ಬಸ್ಸಿನಲ್ಲಿ ದಿನಾ ನೋಡುವ ಮುಖ ಪರಿಚಿತ. ಹೆಸರು ಹೇಳಿ ಅಂದರೆ ಬರುವುದಿಲ್ಲ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನು ಅಳೆದರು. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯಭಾಗ. ಒಂದು ಗುಂಪು ನಾಲ್ಕು ಅವಧಿಯೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಹಾಳೆ ಮುಚ್ಚಿಟ್ಟು ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಗೆದ್ದರು, 83 ಪರ್ಸೆಂಟು, ಬರೆದವರಿಗೆ 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಲ್ಲಿ ಉಳಿದದ್ದು 40, ಮುಚ್ಚಿಟ್ಟು ಬರೆದವರಲ್ಲಿ 61. ತಮಾಷೆ ಏನೆಂದರೆ, ವಾರದ ನಂತರ ಎಷ್ಟು ನೆನಪಿರುತ್ತೆ ಅಂತ ಮೊದಲೇ ಕೇಳಿದಾಗ ಹೆಚ್ಚು ಧೈರ್ಯವಾಗಿ ಹೇಳಿದವರು ಬರೀ ಓದಿದವರು. ಹಾಸ್ಟೆಲಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಯಾರು ಹೆಚ್ಚು ಧೈರ್ಯವಾಗಿರುತ್ತಾರೆ ನೆನಪಿಸಿಕೊಳ್ಳಿ.

ಇದರ ಅಜ್ಜ ಎಬ್ಬಿಂಗ್‌ಹೌಸ್. ಜರ್ಮನಿಯವರು, 1885ರಲ್ಲಿ ಪುಸ್ತಕ ಬರೆದರು. ಪ್ರಯೋಗಕ್ಕೆ ಬೇರೆ ಯಾರೂ ಇರಲಿಲ್ಲ, ತಮ್ಮ ಮೇಲೇ ಮಾಡಿಕೊಂಡರು. ಅರ್ಥವಿಲ್ಲದ ಉಚ್ಚಾರಗಳ ಸಾಲನ್ನು ಒಂದೇ ದಿನ 68 ಸಲ ಹೇಳಿಕೊಂಡರೆ ಎಷ್ಟು ಲಾಭವೋ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡರೆ ಅಷ್ಟೇ ಲಾಭ ಅಂತ ಕಂಡರು. ಸೋಮಾರಿಗಳಾದ ನಮಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ಅರ್ಧಕ್ಕರ್ಧ ಕೆಲಸ ಉಳಿಯುತ್ತದೆ, ಬರೀ ಹಂಚಬೇಕು ಅಷ್ಟೇ. ಆದರೂ ನಾವು ಹಂಚುವುದಿಲ್ಲ.

ನಮ್ಮ ಬ್ಯಾಚಿಗೆ ಇನ್ನೊಂದು ಕಥೆ ಇದೆ. 2021ರ ಎಸ್ಸೆಸ್ಸೆಲ್ಸಿ, ಕೊರೋನಾ ಬ್ಯಾಚು. ಜುಲೈ 19 ಮತ್ತು 22, ಎರಡೇ ದಿನ ಪರೀಕ್ಷೆ, ಪೂರ್ತಿ ಬಹುಆಯ್ಕೆ ಪ್ರಶ್ನೆ, ಮುಗಿಸಿ ಬರುವಷ್ಟರಲ್ಲಿ ಹೊಳಿ ತುಂಬಿ ಬಂದಿತ್ತು. ನಾಲ್ಕು ಉತ್ತರದಲ್ಲಿ ಸರಿಯಾದದ್ದನ್ನು ಗುರುತಿಸುವುದು ಬೇರೆ, ಖಾಲಿ ಹಾಳೆಯ ಮೇಲೆ ನೆನಪಿನಿಂದ ಎಬ್ಬಿಸುವುದು ಬೇರೆ. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ದೂರುತ್ತಿಲ್ಲ. ಆದರೆ ಗುರುತಿಸುವುದನ್ನೇ ಕಲಿಕೆ ಅಂದುಕೊಳ್ಳುವ ಚಟ ನಮ್ಮಲ್ಲಿ ಸ್ವಲ್ಪ ಅಲ್ಲಿಂದಲೂ ಬಂದಿರಬೇಕು.

ಈಗ ನಿಮ್ಮ ಹತ್ತಿರ ಇರುವ ಯಾವುದಾದರೂ ವಿಟಿಯು ಪ್ರಶ್ನೆಪತ್ರಿಕೆ ತೆಗೆಯಿರಿ. ಬಲಬದಿಗೆ ಮೂರು ಕಾಲಮ್ಮು: ಎಂ, ಎಲ್, ಸಿ. ಎಂ ಅಂದರೆ ಮಾರ್ಕ್ಸ್, ಅದೊಂದನ್ನೇ ನಾವೆಲ್ಲ ನೋಡೋದು. ಎಲ್ ಅಂದರೆ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಮಾಡಿದ, ಆಂಡರ್ಸನ್, ಕ್ರಾಥ್‌ವೋಲ್ 2001ರಲ್ಲಿ ತಿದ್ದಿದ ಏಣಿಯ ಮೆಟ್ಟಿಲು. ಎಲ್1 ನೆನಪು, ಎಲ್2 ಅರ್ಥ, ಎಲ್3 ಅನ್ವಯ, ಹೀಗೆ ಮೇಲಕ್ಕೆ ಎಲ್6ರವರೆಗೆ. ಶಿಕ್ಷಣ ಮನಶ್ಶಾಸ್ತ್ರ ನಮ್ಮ ಪಠ್ಯದಲ್ಲಿಲ್ಲ ಅಂದೆವಲ್ಲ, ತಪ್ಪು. ಪ್ರತಿ ಪ್ರಶ್ನೆಯ ಪಕ್ಕದಲ್ಲೇ ಕೂತಿದೆ. ಆದರೆ ಒಂದು ಮಾತು. ಎಲ್3 ಅಂತ ಅಚ್ಚಾದ ಪ್ರಶ್ನೆಯ ಉತ್ತರವನ್ನು ನಾವು ಹಳೆಯ ಪತ್ರಿಕೆಯಿಂದ ಮೊದಲಕ್ಷರದಿಂದ ಕೊನೆಯ ಅಕ್ಷರದವರೆಗೆ ಉರು ಹೊಡೆದಿದ್ದರೆ, ಅದು ನಮ್ಮ ಪಾಲಿಗೆ ಎಲ್1 ಆಯಿತು. ಮೆಟ್ಟಿಲು ಇರುವುದು ಪ್ರಶ್ನೆಯಲ್ಲಿ ಅಲ್ಲ, ಓದಿದವನು ಆ ಉತ್ತರಕ್ಕೆ ಬಂದ ದಾರಿಯಲ್ಲಿ. ನಮ್ಮ ಗೆಳೆಯ ಟ್ಯಾನ್ ಫೈ ಸೂತ್ರ ಹಾಕಿ ಲೆಕ್ಕ ಬಿಡಿಸಿದಾಗ ಅದು ಅನ್ವಯವಾಗಿರಲಿಲ್ಲ. ಸಂಖ್ಯೆ ಸ್ವಲ್ಪ ಬದಲಾದ ದಿನ ಬಿದ್ದ.

ಅದೇ ಹುಡುಗ ಗಾಣದಲ್ಲಿ ಏನು ಮಾಡಿದ ಗೊತ್ತೇ? ಎರಡು ಹಂಗಾಮಿನಲ್ಲಿ ಹದ ನೋಡುವುದು ಕಲಿತ. ಬೆಲ್ಲದ ಪಾಕದ ಹದ ತಪ್ಪಿದರೆ ಒಂದು ಕೊಪ್ಪರಿಗೆ ಬೆಲ್ಲದ ರೇಟು ಬಿದ್ದು ಹೋಗುತ್ತದೆ, ಹಾಗಾಗಿ ಆ ಕೆಲಸ ಸುಲಭಕ್ಕೆ ಯಾರೂ ಬಿಟ್ಟುಕೊಡುವುದಿಲ್ಲ. ಮೊದಲು ಅವನಿಗೆ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವ ಕೆಲಸ. ಬೆಂಕಿ ಎಷ್ಟು, ರಸ ಹೇಗೆ ಏಳುತ್ತದೆ ಅಂತ ನೋಡುತ್ತ ನೋಡುತ್ತ ತಿಳಿಯಿತು. ಆಮೇಲೆ ಮೇಲೆ ಬರುವ ಮಡ್ಡಿ ತೆಗೆಯುವುದು. ಆಮೇಲೆ ಅವರ ಕಾಕಾ ಪಕ್ಕದಲ್ಲಿ ನಿಂತು, "ಈಗ ನೀ ನೋಡಿ ಹೇಳಪಾ" ಅನ್ನತೊಡಗಿದರು. ಪಾಕದ ಹನಿ ತಣ್ಣೀರಿಗೆ ಬಿಟ್ಟರೆ ಉಂಡೆ ಕಟ್ಟಬೇಕು. ಕಟ್ಟಲಿಲ್ಲವೋ, ಇನ್ನೂ ಆಗಿಲ್ಲ. ನೀರೇ ಹೇಳುತ್ತದೆ, ಅದೇ ನಿಮಿಷಕ್ಕೆ. ಈಗ ಕಾಕಾ ದೂರ ಕೂತು ಎಲೆ ಅಡಿಕೆ ಹಾಕುತ್ತಾರೆ. ಪೂರ್ತಿ ಸಹಾಯ, ಭಾಗಶಃ ಸಹಾಯ, ಸ್ವಕಲಿಕೆ. ತಟ್ಟೆ ಎಣಿಸಿಕೊಳ್ಳಿ.

ಅವನು ಅಲ್ಲಿ ಸುಖವಾಗಿದ್ದಾನೆ ಅಂತ ನಾವು ಹೇಳುತ್ತಿಲ್ಲ. ಹೊಗೆಗೆ ಕಣ್ಣು ಕೆಂಪಾಗಿತ್ತು, ಕೈ ಸುಟ್ಟ ಕಲೆ ಇತ್ತು, ಇಂಜಿನಿಯರ್ ಆಗಬೇಕೆಂದು ಹೋದವನು ಮರಳಿ ಬಂದ ಅನ್ನುವ ಮಾತು ಊರಲ್ಲಿ ಇನ್ನೂ ಆರಿಲ್ಲ. ನಾವು ಹೇಳುತ್ತಿರುವುದು, ತಲೆ ಇಲ್ಲದವನು ಈ ಕೆಲಸ ಕಲಿಯಲಾರ ಅನ್ನೋದಷ್ಟೇ. ಮತ್ತೆ ಗಾಣದಲ್ಲಿದ್ದ ಒಂದು ಸವಲತ್ತು ಕ್ಲಾಸಿನಲ್ಲಿ ಇರಲಿಲ್ಲ ಅನ್ನೋದು. ಅಲ್ಲಿ ನೀರು ಒಂದು ನಿಮಿಷಕ್ಕೆ ಹೇಳಿದ್ದನ್ನು ಇಲ್ಲಿ ತಿಳಿಯಲು ಸೆಮಿಸ್ಟರು ಬೇಕು. ತಿಳಿಯುವುದೂ ಒಂದು ಅಂಕಿ ಮಾತ್ರ, 14. ಹದಿನಾಲ್ಕು ಯಾಕೆ, ಎಲ್ಲಿ ದಾರಿ ತಪ್ಪಿತು, ಟ್ಯಾಂಜೆಂಟನ್ನು ಏನಂದುಕೊಂಡಿದ್ದೆ ಅಂತ ಅಂಕಿ ಹೇಳುವುದಿಲ್ಲ. ಪಾಲ್ ಬ್ಲ್ಯಾಕ್, ಡಿಲನ್ ವಿಲಿಯಮ್ ಇಂಗ್ಲೆಂಡಿನಲ್ಲಿ 1998ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿ ಹೇಳಿದ್ದು ಇದೇ: ಕಲಿಯುತ್ತಿರುವಾಗಲೇ, ಎಲ್ಲಿ ತಪ್ಪಿತು ಅಂತ ಹೇಳುವ ಪರೀಕ್ಷೆ ಕಲಿಕೆಯನ್ನು ಹೆಚ್ಚಿಸುತ್ತದೆ, ಹಿಂದೆ ಬಿದ್ದವರಿಗೆ ಹೆಚ್ಚು.

ಅಂಕಿ ಮಾತ್ರ ಸಿಕ್ಕಾಗ ಕಾರಣವನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಬರ್ನಾರ್ಡ್ ವೈನರ್ ಅನ್ನುವವರು ಸೋಲಿಗೆ ಜನ ಕೊಡುವ ಕಾರಣಗಳನ್ನು ವಿಂಗಡಿಸಿದ್ದಾರೆ. ಸಾಮರ್ಥ್ಯ, ಶ್ರಮ, ಪತ್ರಿಕೆಯ ಕಷ್ಟ, ಅದೃಷ್ಟ. ಇವುಗಳಲ್ಲಿ 'ಸಾಮರ್ಥ್ಯ ಇಲ್ಲ' ಅನ್ನೋದು ಅತಿ ಕೆಟ್ಟದ್ದು, ಯಾಕೆಂದರೆ ಅದು ನಾಳೆಯೂ ಬದಲಾಗುವುದಿಲ್ಲ, ನಮ್ಮ ಕೈಯಲ್ಲೂ ಇಲ್ಲ. ಅದನ್ನು ನಂಬಿದವನು ಮತ್ತೆ ಪ್ರಯತ್ನಿಸದೇ ಇರೋದೇ ತರ್ಕಬದ್ಧ. ಹಾಗಂತ 'ಗ್ರೋತ್ ಮೈಂಡ್‌ಸೆಟ್' ಪೋಸ್ಟರು ಅಂಟಿಸಿದರೆ ಮುಗಿಯಿತೇ? ಇಲ್ಲ. ದೊಡ್ಡ ಪ್ರಯೋಗಗಳಲ್ಲಿ ಅದರ ಪರಿಣಾಮ ಸಣ್ಣದೇ ಅಂತ ಕಂಡಿದೆ. "ನಿನಗ ಆಗ್ತೈತಿ, ಮಾಡು" ಅಂದರೆ ಸಾಲದು, ಸ್ಪರ್ಶಕ ಅಂದರೆ ಟ್ಯಾಂಜೆಂಟ್ ಅಂತ ಹೇಳಬೇಕು. ಹಾಗೆಯೇ "ನಾನು ವಿಷುವಲ್ ಲರ್ನರ್, ನಾನು ಕೇಳಿ ಕಲಿಯೋನು" ಅನ್ನುವವರಿಗೆ: 2008ರಲ್ಲಿ ಪ್ಯಾಶ್ಲರ್ ಮತ್ತು ಸಂಗಡಿಗರು ಹುಡುಕಿದಾಗ ಆ ವಿಂಗಡಣೆಯ ಪ್ರಕಾರ ಕಲಿಸಿದರೆ ಲಾಭ ಅನ್ನೋದಕ್ಕೆ ಸರಿಯಾದ ಆಧಾರ ಸಿಗಲಿಲ್ಲ. ಸರ್ಕ್ಯೂಟು ಎಲ್ಲರೂ ನೋಡಿಯೇ ಕಲಿಯಬೇಕು.

ಸಂಕ್ರಾಂತಿಯಿಂದ ಬಂದ ಮೇಲೆ ನಾವು ಭಾನುವಾರ ಸೇರತೊಡಗಿದೆವು. ನಿಯಮ ಒಂದೇ, ಪುಸ್ತಕ ಮುಚ್ಚಿರಬೇಕು. ಒಬ್ಬ ಎದ್ದು ಒಂದು ಟಾಪಿಕ್ಕನ್ನು ಬೋರ್ಡಿನ ಮೇಲೆ ವಿವರಿಸಬೇಕು, ಬಾಯಿಗೆ ಬಂದ ಭಾಷೆಯಲ್ಲಿ. ಪಾರಿಭಾಷಿಕ ಪದ ಇಂಗ್ಲಿಷಿನಲ್ಲಿರಲಿ, ಉಳಿದದ್ದು ಕನ್ನಡವೋ ಮರಾಠಿಯೋ ಎರಡೂ ಕಲಸಿಯೋ. ಸಿಕ್ಕಿಹಾಕಿಕೊಂಡಲ್ಲಿ ಉಳಿದವರು ಉತ್ತರ ಹೇಳುವಂತಿಲ್ಲ, ಒಂದು ಸುಳಿವು ಮಾತ್ರ. ಕೊನೆಯ ಹತ್ತು ನಿಮಿಷ ಅದನ್ನೇ ಇಂಗ್ಲಿಷಿನಲ್ಲಿ ಬರೆಯಬೇಕು. ಮೊದಲ ಎರಡು ವಾರ ನರಕ. ಗೊತ್ತಿದೆ ಅಂದುಕೊಂಡದ್ದು ಅರ್ಧ ಗೊತ್ತಿರಲಿಲ್ಲ. ಒಬ್ಬ ಬರುವುದು ಬಿಟ್ಟ, "ನನಗೆ ಬೇಜಾರಾಗುತ್ತೆ, ಓದಿದರೆ ಖುಷಿಯಾಗಿರ್ತೀನಿ" ಅಂದ. ಅವನು ಸುಳ್ಳು ಹೇಳಲಿಲ್ಲ. ಪವಾಡವೇನೂ ಆಗಿಲ್ಲ. ಬ್ಯಾಕ್‌ಲಾಗ್ ಇದ್ದ ಮೂವರಲ್ಲಿ ಇಬ್ಬರು ಈ ಸಲ ಇಂಟರ್ನಲ್ಸ್ ದಾಟಿದರು, ಒಬ್ಬಳು ದಾಟಲಿಲ್ಲ, ಆದರೆ ಎಲ್ಲಿ ಬಿದ್ದೆ ಅಂತ ಅವಳಿಗೆ ಗೊತ್ತಿದೆ.

"ಪರೀಕ್ಷೆ ಇಂಗ್ಲಿಷಿನಲ್ಲಿ, ಪ್ಲೇಸ್‌ಮೆಂಟ್ ಇಂಗ್ಲಿಷಿನಲ್ಲಿ, ಕನ್ನಡ ಹಿಡಿದುಕೊಂಡು ಏನು ಮಾಡ್ತೀರಿ?" ಅಂತ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಓದಲು ಅನುಮತಿ ಕೊಟ್ಟಿತು, ಕನ್ನಡವೂ ಅದರಲ್ಲಿತ್ತು. ಪೂರ್ತಿ ಡಿಗ್ರಿ ಕನ್ನಡದಲ್ಲಾಗಲಿ ಅಂತ ನಾವು ಈ ಲೇಖನದಲ್ಲಿ ಕೇಳುತ್ತಿಲ್ಲ, ನಮ್ಮ ನಾಲ್ವರಲ್ಲೇ ಅದಕ್ಕೆ ಒಮ್ಮತ ಇಲ್ಲ. ಸೆಂಟ್ರಿಂಗ್ ಕೇಳುತ್ತಿದ್ದೇವೆ. ಮನೆ ಇಂಗ್ಲಿಷಿನದೇ ಇರಲಿ, ಗಟ್ಟಿಯಾಗುವವರೆಗೆ ಕೆಳಗೆ ಕಂಬ ಇರಲಿ. ಕಾಲೇಜಿನಲ್ಲಿ ಕನ್ನಡ 'ಸಾಂಸ್ಕೃತಿಕ ಕನ್ನಡ'ದ ಪೀರಿಯಡ್ಡಿನಲ್ಲಿ ಬಂದು ಹೋಗುತ್ತದೆ, ನವೆಂಬರಿನಲ್ಲಿ ನಮ್ಮ ಸಂಘದ ಬಾವುಟದ ಜೊತೆ ಬರುತ್ತದೆ. ಎಂ1ರ ಟ್ಯುಟೋರಿಯಲ್ಲಿಗೂ ಬರಲಿ.

ಅದಕ್ಕೆ ಯಾರ ಅನುಮತಿಗೂ ಕಾಯಬೇಕಿಲ್ಲ. ಮೊದಲ ವರ್ಷದ ಪ್ರತಿ ವಿಷಯಕ್ಕೆ, ಪ್ರತಿ ಮಾಡ್ಯೂಲಿಗೆ ಒಂದು ಪುಟ. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಹೈಸ್ಕೂಲಿನಲ್ಲಿ ಓದಿದ ಕನ್ನಡ ಪದ, ಬಲಕ್ಕೆ ಒಂದು ಚಿತ್ರ. ಎಂ1ರದ್ದು ಮೂರು ಮಾಡ್ಯೂಲು ಮುಗಿದಿವೆ, ಸಂಘದ ಗ್ರೂಪಿನಲ್ಲಿ ಹಾಕುತ್ತೇವೆ. ಎಲೆಕ್ಟ್ರಿಕಲ್ ಮತ್ತು ಕೆಮಿಸ್ಟ್ರಿಗೆ ಕೈ ಜೋಡಿಸುವವರು ಬೇಕು, ಕನ್ನಡ ಮಾಧ್ಯಮದಲ್ಲಿ ಓದಿದವರಾದರೆ ಹತ್ತನೇ ವಿಜ್ಞಾನದ ಹಳೆಯ ಪುಸ್ತಕ ಊರಿನಿಂದ ತನ್ನಿ. ಮೇಷ್ಟ್ರುಗಳಲ್ಲಿ ನಮ್ಮ ಒಂದೇ ವಿನಂತಿ: ಮೊದಲ ಇಂಟರ್ನಲ್ ಪೇಪರು ವಾರದೊಳಗೆ ಮರಳಿ ಕೊಡಿ, ಅಂಕದ ಪಕ್ಕ ಒಂದು ವಾಕ್ಯ ಬರೆದು. ಅರವತ್ತು ಜನರಿದ್ದಾರೆ, ಕಷ್ಟ, ಗೊತ್ತು. ಬಿದ್ದವರದ್ದಕ್ಕೆ ಮಾತ್ರ ಬರೆದರೂ ಸಾಕು.

ಗೆಳೆಯನಿಗೆ ವಾರಕ್ಕೆ ಮೂರು ರಾತ್ರಿ ಫೋನು ಮಾಡುತ್ತೇವೆ. ಗಾಣದ ಕೆಲಸ ಮುಗಿದ ಮೇಲೆ, ಒಂಬತ್ತರ ನಂತರ. ಅವನು ಹೇಳಬೇಕು, ನಾವು ಕೇಳಬೇಕು. ಮೊದಲ ಮಾಡ್ಯೂಲು ಮುಗಿಸಿದ್ದಾನೆ, ಕರ್ವೇಚರ್ ಅಂದರೆ ವಕ್ರತೆ ಅಂತ ಅವನೇ ಹೇಳಿದ. ಕಾಲೇಜಿಗೆ ಮರಳುವ ಮಾತು ಇನ್ನೂ ಎತ್ತಿಲ್ಲ, ಅಪ್ಪನನ್ನು ಕೇಳಬೇಕು ಅಂತಾನೆ. ಹಂಗಾಮು ಮುಗಿಯಲಿ.

ಭಾನುವಾರ ಹತ್ತು ಗಂಟೆ, ಹಾಸ್ಟೆಲಿನ ರೀಡಿಂಗ್ ರೂಮು. ಪುಸ್ತಕ ತರಬಹುದು, ತೆರೆಯುವಂತಿಲ್ಲ.